ಅಕ್ಕಡಿ ಹೊಲ: ಒಂದು ಎಕರೆಯಲ್ಲಿ ಎರಡು ಮನೆಯ ಊಟ

ಮಾಗಡಿ ಬಳಿಯ ಸಾವನದುರ್ಗದ ಕಾಡನ್ನು ಯಾರೂ ಉಳುವುದಿಲ್ಲ, ಅದಕ್ಕೆ ಗೊಬ್ಬರ ಹೊಡೆಯುವುದಿಲ್ಲ. ಪಕ್ಕದ ಹೊಲಕ್ಕೆ ಬೀಳುವ ಮಳೆಯೇ ಅದಕ್ಕೂ ಬೀಳುತ್ತದೆ. ಆದರೆ ಹೊಲದ ಕೆಮ್ಮಣ್ಣು ಕಾದ ಹೆಂಚಿನಂತಾದ ದಿನವೂ ಕಾಡಿನ ತರಗೆಲೆಯಡಿ ಕೈಯಿಟ್ಟರೆ ತಂಪು ಸಿಗುತ್ತದೆ. ಅಲ್ಲಿ ನೆಲ ಬೆತ್ತಲೆ ಇರುವುದಿಲ್ಲ, ಇದು ಒಂದು. ಒಂದೊಂದು ಗಿಡದ ಬೇರು ಒಂದೊಂದು ಆಳದಲ್ಲಿ ನೀರು ಹುಡುಕುತ್ತದೆ, ಇದು ಎರಡು. ಮೂರನೆಯದನ್ನು ಜನ ಮರೆಯುತ್ತಾರೆ: ಅಲ್ಲಿ ಎಲ್ಲ ಗಿಡಕ್ಕೂ ಒಟ್ಟಿಗೆ ಹಸಿವಾಗುವುದಿಲ್ಲ. ಒಂದು ಚಿಗುರುವಾಗ ಇನ್ನೊಂದು ಕಾಯುತ್ತದೆ, ಒಂದು ಒಣಗಿದ ಮೇಲೆ ಇನ್ನೊಂದು ಹೂ ಬಿಡುತ್ತದೆ.

ತುಮಕೂರು, ಕೋಲಾರ, ರಾಮನಗರ, ಚಿಕ್ಕಬಳ್ಳಾಪುರ ಸೀಮೆಯ ಅಕ್ಕಡಿ ಸಾಲು ನಿಂತಿರುವುದು ಈ ಮೂರನೆಯ ಪಾಠದ ಮೇಲೆ. ರಾಗಿಯ ನಡುವೆ ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಸಾಸಿವೆ, ಹರಳು ಬಿತ್ತುವ ಈ ಪದ್ಧತಿಯನ್ನು ಬರೀ ‘ಮಿಶ್ರ ಬೆಳೆ’ ಅಂದರೆ ಅರ್ಧ ಮಾತ್ರ ಹೇಳಿದಂತೆ. ಒಂದೇ ನೆಲವನ್ನು ಜುಲೈನಿಂದ ನವೆಂಬರ್‌ವರೆಗೆ ರಾಗಿಗೂ, ಅಲ್ಲಿಂದ ಫೆಬ್ರವರಿವರೆಗೆ ಕಾಳಿಗೂ ಸರದಿಯ ಮೇಲೆ ಬಿಟ್ಟುಕೊಡುವ ಏರ್ಪಾಟು ಇದು. ಮಳೆಯಾಶ್ರಯದ ಒಂದು ಎಕರೆಯಲ್ಲಿ ಇದನ್ನು ಮಾಡುವುದು ಹೇಗೆ, ಬೆಳೆದದ್ದು ಹತ್ತಿರದ ಊರಿನ ತಟ್ಟೆಗೆ ತಲುಪುವುದು ಹೇಗೆ ಎಂಬುದು ಮುಂದಿದೆ. ಹೊಸಬರು ಮೊದಲ ವರ್ಷ 10 ಗುಂಟೆಯಲ್ಲಷ್ಟೇ ಮಾಡಿ. ಕೆಳಗಿನ ಬೀಜ, ಗೊಬ್ಬರ, ಇಳುವರಿಯ ಅಳತೆಗಳನ್ನು ನಾಲ್ಕರಿಂದ ಭಾಗಿಸಿಕೊಂಡರಾಯಿತು. ಸಾಲಿನ ಅಂತರ ಹಾಗೇ ಇರಲಿ, ಚೌಕ ಹೊಲದ ಬದುವಿನ ಲೆಕ್ಕ ಮಾತ್ರ ಅರ್ಧ.

ಮೊದಲು ಅಡುಗೆಮನೆಯ ಲೆಕ್ಕ

ಬಿತ್ತನೆಯ ಯೋಜನೆಯನ್ನು ಹೊಲದಲ್ಲಿ ನಿಂತು ಮಾಡಬೇಡಿ, ಒಲೆಯ ಮುಂದೆ ಕುಳಿತು ಮಾಡಿ. ದಿನಕ್ಕೊಂದು ಹೊತ್ತಾದರೂ ಮುದ್ದೆ ಉಣ್ಣುವ ನಾಲ್ಕು ಜನರ ಮನೆಯಲ್ಲಿ ತಲೆಗೆ 200 ಗ್ರಾಂ ಹಿಡಿದರೆ ದಿನಕ್ಕೆ 800 ಗ್ರಾಂ, ವರ್ಷಕ್ಕೆ ಸುಮಾರು 290 ಕೆ.ಜಿ. ರಾಗಿ ಬೇಕು. ತಿಂಗಳಿಗೆ 3 ಕೆ.ಜಿ. ತೊಗರಿಬೇಳೆ ಅಂದರೆ ವರ್ಷಕ್ಕೆ 36 ಕೆ.ಜಿ. ಮನೆಯಲ್ಲಿ ಒಡೆದರೆ 100 ಕೆ.ಜಿ. ತೊಗರಿಗೆ 65ರಿಂದ 70 ಕೆ.ಜಿ. ಬೇಳೆ ಬರುತ್ತದೆ, ಹಾಗಾಗಿ 36 ಕೆ.ಜಿ. ಬೇಳೆಗೆ 50–55 ಕೆ.ಜಿ. ತೊಗರಿ ಬೇಕು.

ಮಳೆ ಕೈಕೊಡದ ವರ್ಷ ಅಕ್ಕಡಿ ಹೊಲದ ಎಕರೆಯಿಂದ 6 ಕ್ವಿಂಟಾಲ್ ರಾಗಿ, ಒಂದು ಕ್ವಿಂಟಾಲ್ ತೊಗರಿ, ಅದಕ್ಕಿಂತ ಸ್ವಲ್ಪ ಕಡಿಮೆ ಅವರೆಕಾಳು ಎಂದು ಲೆಕ್ಕ ಇಟ್ಟುಕೊಳ್ಳಿ. ಹೆಚ್ಚು ಬಂದರೆ ಬರಲಿ, ಲೆಕ್ಕ ಮಾತ್ರ ಬಿಗಿಯಾಗಿಯೇ ಇರಲಿ. ಅಂದರೆ ಒಂದು ಎಕರೆ ಎರಡು ಮನೆಗೆ ಸಾಕಾಗುತ್ತದೆ: ಬೆಳೆದವರದ್ದು ಒಂದು, ಕೊಳ್ಳುವವರದ್ದು ಇನ್ನೊಂದು. ಐದು ಜನ ರೈತರು ಸೇರಿದರೆ ಪಟ್ಟಣದ ಐದು ಮನೆ. ಇದಕ್ಕಿಂತ ದೊಡ್ಡ ಆಸೆ ಇಟ್ಟುಕೊಂಡು ಮೊದಲ ವರ್ಷವೇ ಐವತ್ತು ಮನೆಗೆ ಮಾತು ಕೊಟ್ಟವರು ಡಿಸೆಂಬರ್‌ನಲ್ಲಿ ಮಂಡಿಯಿಂದ ರಾಗಿ ಕೊಂಡು ತಮ್ಮದೇ ಚೀಲಕ್ಕೆ ತುಂಬಬೇಕಾಗುತ್ತದೆ.

ನೆಲ, ಗೊಬ್ಬರ, ಬದು

ಈ ಭಾಗದ ಮಳೆಗೆ ಎರಡು ಏರು. ಮೇ ತಿಂಗಳಲ್ಲಿ ಒಂದು, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೊಂದು, ದೊಡ್ಡದು. ಮೇ ಮಳೆಗೆ ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮಾಡಿ. ಇಳಿಜಾರಿನ ಉದ್ದಕ್ಕೆ ಉತ್ತರೆ ಪ್ರತಿ ಸಾಲೂ ಒಂದು ಕಾಲುವೆಯಾಗಿ ಮೇಲ್ಮಣ್ಣನ್ನು ಹೊತ್ತುಕೊಂಡು ಹೋಗುತ್ತದೆ. ಮೇ ಮೊದಲ ವಾರದಲ್ಲೇ ಹದ ಸಿಕ್ಕರೆ ಕಾಲು ಭಾಗಕ್ಕೆ ಅಲಸಂದೆ ಎಳೆಯಬಹುದು. 70–80 ದಿನದಲ್ಲಿ ಕಾಳು ಕೈಗೆ ಬಂದು, ಬಳ್ಳಿ ಮಣ್ಣಿಗೆ ಸೇರಿ, ಜುಲೈ ಕೊನೆಗೆ ಅದೇ ಜಾಗಕ್ಕೆ ರಾಗಿ ಬೀಳುತ್ತದೆ. ಅಷ್ಟು ಪುರುಸೊತ್ತಿಲ್ಲದವರು ಹಸಿರು ಗೊಬ್ಬರಕ್ಕೆ ಅಪ್ಸೆಣಬು ಚೆಲ್ಲಿ, ಹೂ ಬಿಡುವ ಮುಂಚೆ ಉತ್ತುಬಿಡಿ. ಹೂ ಬಿಟ್ಟ ಮೇಲೆ ಕಾಂಡ ನಾರಾಗುತ್ತದೆ. ಅದು ಕೊಳೆಯುವಷ್ಟರಲ್ಲಿ ರಾಗಿ ಬಿತ್ತನೆಯ ಸಮಯ ಮೀರಿರುತ್ತದೆ.

ಕೊಟ್ಟಿಗೆ ಗೊಬ್ಬರ ಎಕರೆಗೆ 3 ಟನ್. ಇದರಲ್ಲಿ ಸಾರಜನಕ ಸುಮಾರು 15 ಕೆ.ಜಿ. ಇರುತ್ತದೆ, ಮೊದಲ ವರ್ಷ ಬೆಳೆಗೆ ಸಿಗುವುದು ಅದರ ಅರ್ಧಕ್ಕಿಂತ ಕಡಿಮೆ. ಮಳೆಯಾಶ್ರಯದ ರಾಗಿಗೆ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಎಕರೆಗೆ 20 ಕೆ.ಜಿ. ಸಾರಜನಕ. ರಸಗೊಬ್ಬರವನ್ನು ಒಂದೇ ಏಟಿಗೆ ಬಿಟ್ಟವರ ಇಳುವರಿ ಮೊದಲೆರಡು ವರ್ಷ ಬೀಳುವುದು ಇದರಿಂದಲೇ. ಅದನ್ನು ಮುಚ್ಚಿಟ್ಟು ಉಪದೇಶ ಮಾಡುವುದು ಸರಿಯಲ್ಲ. ಕೊರತೆ ತುಂಬಲು ಮೂರು ದಾರಿ: ಬೇಸಿಗೆಯಲ್ಲಿ ಹೊಲದಲ್ಲಿ ಕುರಿ ಮಂದೆ ನಿಲ್ಲಿಸುವುದು, ಬದುವಿನ ಸೊಪ್ಪು ಕೊಯ್ದು ಹಾಕುವುದು, ದ್ವಿದಳ ಬೆಳೆಯ ಪಟ್ಟಿಯನ್ನು ವರ್ಷ ವರ್ಷ ಸರಿಸುವುದು.

ಗೊಬ್ಬರದ ವಿಚಾರದಲ್ಲಿ ಎರಡು ತಪ್ಪು ಎಲ್ಲೆಡೆ ಕಾಣುತ್ತದೆ. ಒಂದು, ಏಪ್ರಿಲ್‌ನಲ್ಲೇ ಗಾಡಿಗಟ್ಟಲೆ ತಂದು ಗುಡ್ಡೆ ಹಾಕಿ ಎರಡು ತಿಂಗಳು ಬಿಸಿಲಿಗೆ ಬಿಡುವುದು. ಸಾರಜನಕ ಗಾಳಿಗೆ ಹೋಗಿ ಉಳಿಯುವುದು ಪುಡಿ ಮಾತ್ರ. ಬಿತ್ತನೆಗೆ ಎರಡು ಮೂರು ವಾರ ಮುಂಚೆ ತಂದು, ಹರಡಿದ ದಿನವೇ ಮಣ್ಣಿಗೆ ಸೇರಿಸಿ. ಇನ್ನೊಂದು, ಕಳಿಯದ ಹಸಿ ಸಗಣಿ ಹಾಕುವುದು. ಅದರ ಜೊತೆ ಗೊಣ್ಣೆಹುಳುವೂ ಹೊಲಕ್ಕೆ ಬಂದು ಬೇರು ಕತ್ತರಿಸುತ್ತದೆ. ಗುಪ್ಪೆಯನ್ನು ಕೆದಕಿದಾಗ ಬಿಳಿ, ಬಾಗಿದ ದಪ್ಪ ಹುಳು ಕಂಡರೆ ಆರಿಸಿ ಕೋಳಿಗೆ ಹಾಕಿ, ಗೊಬ್ಬರವನ್ನು ಇನ್ನೂ ಕಳಿಯಲು ಬಿಡಿ.

ಜೀವಾಮೃತ ಮಾಡುವವರಿಗೆ ಎಕರೆಯ ಅಳತೆ: 200 ಲೀಟರ್ ನೀರು, 10 ಕೆ.ಜಿ. ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆ.ಜಿ. ಬೆಲ್ಲ, 2 ಕೆ.ಜಿ. ದ್ವಿದಳ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ನೆರಳಲ್ಲಿಟ್ಟು ದಿನಕ್ಕೆರಡು ಸಲ ಕದಡಿ, 48 ಗಂಟೆ ಕಳೆದ ಮೇಲೆ ಬಳಸಿ. ಆದರೆ ಇದು ಹೆಪ್ಪು, ಹಾಲಲ್ಲ. ಕೊಳೆಯಲು ಮಣ್ಣಿನಲ್ಲಿ ಏನೂ ಇಲ್ಲದಿದ್ದರೆ ಹೆಪ್ಪು ಹಾಕಿ ಪ್ರಯೋಜನವಿಲ್ಲ.

ಚೌಕಾಕಾರದ ಒಂದು ಎಕರೆಯ ಸುತ್ತಳತೆ ಸುಮಾರು 254 ಮೀಟರ್. ಬದುವಿನಲ್ಲಿ ಮೀಟರಿಗೊಂದರಂತೆ ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾ, ನೆಟ್ಟರೆ 250 ಗಿಡ ಹಿಡಿಯುತ್ತವೆ. ಮೂರನೇ ವರ್ಷದಿಂದ ಸೊಪ್ಪು ಕೊಯ್ಯಬಹುದು. ನಡುನಡುವೆ ನುಗ್ಗೆ, ಸೀತಾಫಲ, ಅಗಸೆ ಇರಲಿ. ಹುಣಸೆ, ಹಲಸು ಬೇಕೆಂದರೆ ಉತ್ತರದ ಬದುವಿಗೆ ಮಾತ್ರ. ಅವರೆ, ತೊಗರಿ ನಿಲ್ಲುವ ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಉತ್ತರದ ಮರದ ನೆರಳು ಹೊಲದಾಚೆ ಬೀಳುತ್ತದೆ.

ಬೀಜ ಆರಿಸುವುದು

ಇಡೀ ಏರ್ಪಾಟಿನ ಗುಟ್ಟು ಅವರೆ ಬೀಜದಲ್ಲಿದೆ. ಹಳೆಯ ನಾಟಿ ಅವರೆ, ಹಗಲು ಕುಗ್ಗುವವರೆಗೆ ಹೂ ಬಿಡುವುದಿಲ್ಲ. ಜುಲೈನಲ್ಲಿ ಬಿತ್ತಿದರೂ ರಾಗಿಯ ಪಕ್ಕದಲ್ಲಿ ಸುಮ್ಮನೆ ಎಲೆ ಬಿಟ್ಟುಕೊಂಡಿದ್ದು, ರಾಗಿ ಕೊಯ್ದು ಬೆಳಕು ಬಿದ್ದ ಮೇಲೆ, ಮಾಗಿಯ ಇಬ್ಬನಿಯಲ್ಲಿ ಹೂವಾಗುತ್ತದೆ. ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಈ ಹಗಲಿನ ಕಟ್ಟು ಇಲ್ಲ. ವರ್ಷವಿಡೀ ಬೆಳೆಯಬಹುದು, ಒಂಟಿ ಬೆಳೆಗೆ ಒಳ್ಳೆಯವು. ಆದರೆ ಅಕ್ಕಡಿಗೆ ಹಾಕಿದರೆ ಸೆಪ್ಟೆಂಬರ್ ಮಳೆಯಲ್ಲೇ ಹೂ ಬಿಟ್ಟು, ರಾಗಿಯ ನೆರಳಲ್ಲಿ ಉದುರಿ, ಕೊಯ್ಲಿಗೆ ದಾರಿಯಿಲ್ಲದೆ ಹಾಳಾಗುತ್ತವೆ. ನಾಟಿ ಅವರೆಯ ಸೊಗಡಿನ ಮಾತು ಬೇರೆಯೇ ಇದೆ, ಮಾಗಡಿ ಸೀಮೆಯವರಿಗೆ ಅದನ್ನು ಹೇಳಬೇಕಾಗಿಲ್ಲ.

ರಾಗಿಯಲ್ಲಿ 110ರಿಂದ 120 ದಿನದ ತಳಿ ಹೊಂದುತ್ತದೆ. ಜಿಪಿಯು-28 ಬೆಂಕಿ ರೋಗ ತಡೆಯುತ್ತದೆ, ಬಿತ್ತನೆ ಸ್ವಲ್ಪ ಹಿಂದೆ ಬಿದ್ದರೂ ನಡೆಯುತ್ತದೆ. ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ತೆಗೆದ ಇಂಡಾಫ್ ತಳಿಗಳೂ ಕೆಲವರ ಮನೆಯಲ್ಲಿ ಇನ್ನೂ ಇವೆ. ಊರಿನಲ್ಲಿ ಒಗ್ಗಿಹೋದ ನಾಟಿ ರಾಗಿ ಸಿಕ್ಕರೆ ಹೊಲದ ಒಂದು ಮೂಲೆಗೆ ಅದನ್ನೂ ಹಾಕಿ ನೋಡಿ. ತೊಗರಿ ಮಾತ್ರ ದೀರ್ಘಾವಧಿಯದೇ ಇರಲಿ; ನಾಲ್ಕು ತಿಂಗಳ ತೊಗರಿ ರಾಗಿಯ ಜೊತೆಗೇ ಕೊಯ್ಲಿಗೆ ಬಂದು, ಇಬ್ಬರೂ ಒಂದೇ ಮಳೆಗೆ ಕಾದಾಡುತ್ತಾರೆ.

ರಾಗಿ ಬೀಜವನ್ನು ಗಡಸು ಮಾಡಿಕೊಂಡರೆ ಬಿತ್ತಿದ ಮೇಲಿನ ಒಣಹವೆ ತಡೆಯುತ್ತದೆ. ಒಂದು ಕೆ.ಜಿ. ಬೀಜಕ್ಕೆ ಒಂದು ಲೀಟರ್ ನೀರು ಹಾಕಿ 6 ಗಂಟೆ ನೆನೆಸಿ, ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ಎರಡು ದಿನ ಇಡಿ. ಮೊಳಕೆಯ ಬಿಳಿ ಚುಕ್ಕೆ ಕಂಡ ಕೂಡಲೇ ನೆರಳಲ್ಲಿ ಎರಡು ದಿನ ಒಣಗಿಸಿ. ಮೊಳಕೆ ಉದ್ದವಾಗಲು ಬಿಟ್ಟರೆ ಒಣಗಿಸುವಾಗ ಮುರಿದು ಬೀಜ ಸತ್ತಂತೆಯೇ. ತೊಗರಿ, ಅವರೆಗೆ 200 ಗ್ರಾಂ ರೈಜೋಬಿಯಂ (ಬೇರಿನಲ್ಲಿ ಸಾರಜನಕ ಕಟ್ಟಿಕೊಡುವ ಸೂಕ್ಷ್ಮಜೀವಿ) ಪುಡಿಯನ್ನು ಕಾಯಿಸಿ ಆರಿಸಿದ ಬೆಲ್ಲದ ನೀರಲ್ಲಿ ಕಲಸಿ ಲೇಪಿಸಿ, ನೆರಳಲ್ಲಿ ಆರಿಸಿ ಅಂದೇ ಬಿತ್ತಿ.

ಬಿತ್ತನೆ: ಎಂಟು ರಾಗಿ, ಎರಡು ಅಕ್ಕಡಿ

‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’ ಅನ್ನುವ ಗಾದೆ ಈಗ ಅಕ್ಷರಶಃ ನಡೆಯುವುದಿಲ್ಲ. ಆರಿದ್ರಾ ಮಳೆ ನಕ್ಷತ್ರ ಜೂನ್ 22ರ ಸುಮಾರಿಗೆ ಹುಟ್ಟುತ್ತದೆ. ಆಗ ಹದ ಸಿಗದಿದ್ದರೆ ಪುನರ್ವಸು, ಪುಷ್ಯ ಮಳೆಯವರೆಗೆ, ಅಂದರೆ ಆಗಸ್ಟ್ ಮೊದಲ ವಾರದವರೆಗೂ ಧೈರ್ಯವಾಗಿ ಕಾಯಬಹುದು. ಅದನ್ನೂ ದಾಟಿದರೆ ತೊಗರಿ ಬಿಡಿ, ಅವರೆ ಉಳಿಸಿಕೊಳ್ಳಿ. ಹುಡಿಮಣ್ಣಿಗೆ ಬಿತ್ತಿ ಮಳೆ ಕಾಯುವ ಜೂಜು ಮಾತ್ರ ಬೇಡ.

ಸಾಲಿನ ಲೆಕ್ಕ ಹೀಗಿದೆ. ರಾಗಿ ಸಾಲುಗಳ ನಡುವೆ 30 ಸೆಂ.ಮೀ., ಅಂದರೆ ಒಂದು ಅಡಿ. ಎಂಟು ರಾಗಿ ಸಾಲಾದ ಮೇಲೆ ಒಂದು ಅಡಿ ಬಿಟ್ಟು ತೊಗರಿ ಸಾಲು, ಅದರಿಂದ ಎರಡು ಅಡಿ ಬಿಟ್ಟು ಅವರೆ ಸಾಲು, ಮತ್ತೆ ಒಂದು ಅಡಿ ಬಿಟ್ಟು ರಾಗಿ. ಇಂತಹ ಒಂದು ಪಟ್ಟಿಯ ಅಗಲ 3.3 ಮೀಟರ್. ಎಕರೆಗೆ 4047 ಚದರ ಮೀಟರ್. ಭಾಗಿಸಿದರೆ ಪಟ್ಟಿಗಳ ಒಟ್ಟು ಉದ್ದ ಸುಮಾರು 1225 ಮೀಟರ್. ಒಂದು ಅಡಿಗೆ ಒಂದು ಗುಳಿ, ಗುಳಿಗೆ ಎರಡು ಬೀಜ ಅಂದರೆ ತೊಗರಿಗೆ 8 ಸಾವಿರ ಚಿಲ್ಲರೆ ಬೀಜ, ತೂಕದಲ್ಲಿ 800–900 ಗ್ರಾಂ. ಅವರೆ ಕಾಳು ದಪ್ಪ, ಅದೇ ಎಣಿಕೆಗೆ 2 ಕೆ.ಜಿ. ಬೇಕು. ಒಂಟಿ ಬೆಳೆಗೆ ಕೂರಿಗೆಯಲ್ಲಿ (ಸಾಲಾಗಿ ಬಿತ್ತುವ ಸಾಧನ) 4 ಕೆ.ಜಿ. ಹಿಡಿಯುವ ರಾಗಿ ಇಲ್ಲಿ 3 ಕೆ.ಜಿ.ಗೆ ಮುಗಿಯುತ್ತದೆ.

ಉಳಿದವು ಚೂರುಪಾರು. ಅವರೆ ಸಾಲಿನಲ್ಲಿ ಹತ್ತು ಅಡಿಗೊಂದು ಜೋಳ, ಎಕರೆಗೆ ಒಂದು ಹಿಡಿ ಬೀಜ. ಎತ್ತು ತಿರುಗುವ ಎರಡೂ ತುದಿಯಲ್ಲಿ ಎರಡೆರಡು ಸಾಲು ಹುಚ್ಚೆಳ್ಳು, 50 ಗ್ರಾಂ. ಬದುವಿನ ಒಳಗಡೆ ಐದಡಿಗೊಂದರಂತೆ ಹರಳು, 170 ಗುಳಿಗೆ ಸುಮಾರು 100 ಗ್ರಾಂ. ಸಾಸಿವೆಯನ್ನು ಚಿಟಿಕೆ ಲೆಕ್ಕದಲ್ಲಿ ರಾಗಿ ಬೀಜಕ್ಕೇ ಬೆರೆಸಿಬಿಡಿ.

ರಾಗಿ ಬೀಜ ಸಣ್ಣದು, ಕೈ ಎಷ್ಟೇ ಪಳಗಿದ್ದರೂ ದಟ್ಟವಾಗಿ ಬೀಳುತ್ತದೆ. ಒಂದು ಪಾಲು ಬೀಜಕ್ಕೆ ಎರಡು ಪಾಲು ಒಂದರಿ ಹಿಡಿದ ಒಣ ಗೊಬ್ಬರ ಬೆರೆಸಿ ಕೂರಿಗೆಗೆ ಬಿಡಿ. ಆಳ 2–3 ಸೆಂ.ಮೀ. ಮೀರಬಾರದು. ಅಕ್ಕಡಿ ಬೀಜ, ಅಂದರೆ ತೊಗರಿ, ಅವರೆ, ಕೂರಿಗೆಯ ಹಿಂದೆ ಕಟ್ಟಿದ ಸಡ್ಡೆಯಲ್ಲಿ (ಬೀಜ ಬಿಡುವ ಕೊಳವೆ) 5 ಸೆಂ.ಮೀ. ಆಳಕ್ಕೆ ಬೀಳಬೇಕು. ರಾಗಿಯನ್ನು ಅವರೆಯ ಆಳಕ್ಕೆ ಬಿತ್ತಿದರೆ ಅರ್ಧ ಬೀಜ ಮೇಲೇಳುವುದೇ ಇಲ್ಲ, ಅಂಗಡಿಯವನನ್ನು ಬೈದು ಫಲವಿಲ್ಲ. ಬಿತ್ತಿದ ಮರುದಿನ ಜಡಿಮಳೆ ಬಂದು ಹಿಂದೆಯೇ ಬಿಸಿಲು ಬಿದ್ದರೆ ಕೆಮ್ಮಣ್ಣು ಗಾಯದ ಹಕ್ಕಳೆಯಂತೆ ಗಟ್ಟಿ ಕಟ್ಟುತ್ತದೆ. ಮೊಳಕೆ ಒಳಗೇ ಮುರುಟುವ ಮುಂಚೆ ಮುಳ್ಳಿನ ಕೊಂಬೆಯನ್ನು ಹಗುರವಾಗಿ ಎಳೆದು ಪದರ ಒಡೆಯಿರಿ.

ಯಂತ್ರದಲ್ಲಿ ರಾಗಿ ಕೊಯ್ಯಿಸುವವರು ಎಂಟು ಸಾಲಿನ ಲೆಕ್ಕಕ್ಕೆ ಅಂಟಿಕೊಳ್ಳಬೇಡಿ. ನಿಮ್ಮೂರಿಗೆ ಬರುವ ಯಂತ್ರದ ಬಾಯಿಯ ಅಗಲವನ್ನು ಟೇಪು ಹಿಡಿದು ಅಳೆದು, ರಾಗಿ ಪಟ್ಟಿಯನ್ನು ಅದಕ್ಕೆ ಹೊಂದಿಸಿ. ಅಳೆಯದೆ ಬಿತ್ತಿದರೆ ನವೆಂಬರ್‌ನಲ್ಲಿ ಯಂತ್ರದವನು ಹೊಲ ನೋಡಿ ವಾಪಸ್ ಹೋಗುತ್ತಾನೆ, ಇಲ್ಲವೇ ಹೂ ಬಿಡಬೇಕಾದ ತೊಗರಿಯನ್ನು ನುಂಗಿಕೊಂಡು ಹೋಗುತ್ತಾನೆ. ಈ ಕಡೆ ಅಕ್ಕಡಿ ಕಡಿಮೆಯಾಗಲು ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಕಳೆಯೂ ಸೊಪ್ಪೇ

ಬಿತ್ತಿದ 15–20 ದಿನಕ್ಕೆ ಹೆಚ್ಚಿನ ಪೈರು ಕಿತ್ತು, ಸಾಲಿನಲ್ಲಿ ನಾಲ್ಕು ಬೆರಳಿಗೊಂದು ರಾಗಿ ಉಳಿಸಿ. ತುಂತುರು ಇರುವ ದಿನ ಮಾಡಿದರೆ ಕಿತ್ತ ಪೈರನ್ನೇ ಖಾಲಿ ಜಾಗಕ್ಕೆ ನೆಡಬಹುದು. ಸಾಲಿನ ನಡುವೆ ಕಳೆ ತೆಗೆಯುವ ಮೊದಲ ಎಡೆಕುಂಟೆ 20–25ನೇ ದಿನ, ಎರಡನೆಯದು 35–40ರಲ್ಲಿ. ಕುಂಟೆ ಹೊಡೆಯುವ ಮುಂಚೆ ಹೆಂಗಸರು ಹೊಲಕ್ಕಿಳಿದು ಅಣ್ಣೆಸೊಪ್ಪು, ದೊಗ್ಗಲಿ ಸೊಪ್ಪು, ಗೊರಜಿ ಸೊಪ್ಪು ಮಡಿಲಿಗೆ ತುಂಬಿಕೊಳ್ಳುವ ರೂಢಿ ಸುಮ್ಮನೆ ಬಂದದ್ದಲ್ಲ. ಆಗಸ್ಟ್‌ನಲ್ಲಿ ಬೆರಕೆ ಸೊಪ್ಪಿನ ಸಾರಿಗೆ ಹೊಲವೇ ತರಕಾರಿ ಅಂಗಡಿ. ಅಗಲೆಲೆ ಕಳೆಗೆ ಹೊಡೆಯುವ 2,4-ಡಿ ಈ ಹೊಲಕ್ಕೆ ಬರಲೇಬಾರದು. ಅದು ರಾಗಿಯನ್ನು ಬಿಟ್ಟು ಸೊಪ್ಪು, ಅವರೆ, ತೊಗರಿ ಎಲ್ಲವನ್ನೂ ಕೊಲ್ಲುತ್ತದೆ. ಪಕ್ಕದ ಹೊಲದವರು ಹೊಡೆಯುವುದಾದರೆ ಗಾಳಿ ನಿಮ್ಮ ಕಡೆ ಬೀಸದ ಹೊತ್ತು ನೋಡಿಕೊಳ್ಳಿ ಎಂದು ಮೊದಲೇ ಹೇಳಿಡಿ.

ಎರಡನೇ ಕುಂಟೆಯ ಹೊತ್ತಿಗೆ ತೊಗರಿ–ಅವರೆಯ ನಡುವಿನ ಎರಡಡಿ ಜಾಗದಲ್ಲಿ ನೇಗಿಲಿನಿಂದ ಒಂದು ದೋಣಿ ಸಾಲು ತೆಗೆಯಿರಿ, ಗೇಣಿಗಿಂತ ಸ್ವಲ್ಪ ಕಡಿಮೆ ಆಳ. ಸೆಪ್ಟೆಂಬರ್ ಮಳೆ ಅದರಲ್ಲಿ ನಿಂತು ಇಂಗುತ್ತದೆ. ರಾಗಿಯ ಬೇರು ಮೇಲ್ಪದರದಲ್ಲೇ ಹರಡುವಂಥದು. ತೊಗರಿಯ ತಾಯಿಬೇರು ಮೀಟರಿಗೂ ಕೆಳಗಿಳಿಯುತ್ತದೆ. ನವೆಂಬರ್ ನಂತರ ಹನಿ ಬೀಳದಿದ್ದರೂ ತೊಗರಿ ಕಾಯಿ ತುಂಬುವುದು ಈ ಇಂಗಿದ ನೀರಿನಿಂದ. ದೋಣಿ ಸಾಲು ಇಳಿಜಾರಿಗೆ ಅಡ್ಡಲಾಗಿರಬೇಕು. ಉದ್ದಕ್ಕೆ ತೆಗೆದರೆ ನೀವೇ ಕೊರಕಲು ತೋಡಿಕೊಟ್ಟಂತೆ.

ಅವರೆ ಬಳ್ಳಿ ಸೊಕ್ಕಿ ರಾಗಿಯ ಮೇಲೆ ಹಬ್ಬಿದರೆ ತೆನೆಯ ಭಾರಕ್ಕೆ ಪೈರು ಮಲಗಿಬಿಡುತ್ತದೆ. ವಾರಕ್ಕೊಮ್ಮೆ ನಡೆದಾಡಿ ಬಳ್ಳಿಯ ತುದಿಗಳನ್ನು ದೋಣಿ ಸಾಲಿನ ಕಡೆ ತಿರುಗಿಸಿ. ಅವರೆಯನ್ನು ರಾಗಿಗಿಂತ ಮುಂಚೆ ಬಿತ್ತಿದವರಿಗೂ, ಗುಳಿಗೆ ಮೂರು ನಾಲ್ಕು ಬೀಜ ಹಾಕಿದವರಿಗೂ ಈ ತೊಂದರೆ ಖಂಡಿತ.

ಹುಳು, ರೋಗ, ಹಕ್ಕಿ

ಹತ್ತಡಿಗೊಂದು ನಿಂತ ಜೋಳ ಬರೀ ತೆನೆಗಾಗಿ ಅಲ್ಲ. ಕಾಜಾಣ ಬಂದು ಕೂರಲು ಎತ್ತರ ಬೇಕು. ಅಲ್ಲಿಂದ ಅದು ಅವರೆ, ತೊಗರಿಯ ಕಾಯಿಕೊರಕ ಹುಳುವನ್ನು ಹೆಕ್ಕುತ್ತದೆ. ಜೋಳ ಕೊಯ್ದ ಮೇಲೂ ದಂಟನ್ನು ಜನವರಿವರೆಗೆ ಹಾಗೇ ಬಿಡಿ. ಅಂಚಿನ ಹರಳಿನ ಎಲೆ ಎಲೆತಿನ್ನುವ ಹುಳುವಿಗೆ ಮೊದಲ ತುತ್ತು; ಎಲೆಯ ಹಿಂಬದಿಯಲ್ಲಿ ಮೊಟ್ಟೆಯ ಗುಂಪು ಕಂಡಾಗ ಎಲೆಯನ್ನೇ ಕಿತ್ತು ಸುಡಿ. ಕೀಳದೆ ಬಿಟ್ಟರೆ ಹರಳು ಹುಳು ಸಾಕುವ ಮನೆಯಾಗುತ್ತದೆ. ಹುಚ್ಚೆಳ್ಳಿನ ಹೂವಿಗೆ ಬರುವ ಜೇನು ತೊಗರಿಗೂ ಹೋಗುತ್ತದೆ.

ಕಾಯಿಕೊರಕ ಮಿತಿ ಮೀರಿದಾಗ ತೊಗರಿ ಗಿಡದ ಕೆಳಗೆ ದುಪ್ಪಟಿ ಹಾಸಿ ಗಿಡ ಅಲುಗಿಸಿ. ಬಿದ್ದ ಹುಳು ಕೋಳಿಗೆ. ಹೂ ಬಿಡುವ ಹೊತ್ತಿಗೆ ಶೇಕಡ 5ರ ಬೇವಿನ ಕಷಾಯ ಸಿಂಪಡಿಸಬಹುದು: 5 ಕೆ.ಜಿ. ಬೇವಿನ ಬೀಜದ ತಿರುಳು ಕುಟ್ಟಿ ರಾತ್ರಿ ನೆನೆಸಿ, ಸೋಸಿ, 200 ಗ್ರಾಂ ಸೋಪು ಕರಗಿಸಿ 100 ಲೀಟರ್ ಮಾಡಿಕೊಳ್ಳಿ. ಸಂಜೆ ಹೊತ್ತು ಹೊಡೆಯಿರಿ, ಬಿಸಿಲಿಗೆ ಅದರ ಸತ್ವ ಬೇಗ ಹೋಗುತ್ತದೆ. ಹಳೆಯ, ಬೂಷ್ಟು ಹಿಡಿದ ಬೀಜದ ಕಷಾಯ ಬರೀ ಕಹಿ ನೀರು.

ರಾಗಿಯ ಕುತ್ತಿಗೆ ಕಪ್ಪಾಗಿ ತೆನೆ ಜೊಳ್ಳಾಗುವುದು ಬೆಂಕಿ ರೋಗ. ಮೋಡ ಮುಚ್ಚಿದ ತಂಪು ಹವೆ, ಅತಿಯಾದ ಯೂರಿಯಾ, ರೋಗದ ಹೊಲದ ಬೀಜ, ಮೂರೂ ಅದಕ್ಕೆ ಇಷ್ಟ. ಬಂದ ಮೇಲೆ ಮಾಡುವುದು ಕಡಿಮೆ. ತಡೆಯುವ ತಳಿ ಹಾಕುವುದೇ ದಾರಿ. ಹಂದಿ ಕಾಟವಿರುವ ಕಾಡಂಚಿನಲ್ಲಿ ಕಾವಲಿಲ್ಲದೆ ಯಾವ ಉಪಾಯವೂ ಪೂರ್ತಿ ನಡೆಯುವುದಿಲ್ಲ.

ದನ ಇರುವವರು ಗಮನಿಸಿ: ಮಳೆಯಿಲ್ಲದೆ ಮುರುಟಿದ ಎಳೆ ಜೋಳದಲ್ಲಿ ವಿಷವಿರುತ್ತದೆ. ಹೂ ಬಿಡುವ ಮುಂಚೆ ಅದನ್ನು ಹಸಿಯಾಗಿ ದನದ ಬಾಯಿಗೆ ಬಿಡಬೇಡಿ.

ಕೊಯ್ಲು, ಕಣ, ಹಗೇವು

ಕೊಯ್ಲು ಒಂದು ದಿನದ ಕೆಲಸವಲ್ಲ, ಅದೇ ಇದರ ಅನುಕೂಲ. ರಾಗಿ, ಹುಚ್ಚೆಳ್ಳು, ಜೋಳದ ತೆನೆ ನವೆಂಬರ್‌ನಲ್ಲಿ. ಹಸಿ ಅವರೆಕಾಯಿ ಡಿಸೆಂಬರ್‌ನಿಂದ ಸಂಕ್ರಾಂತಿ ದಾಟುವವರೆಗೆ, ವಾರಕ್ಕೊಮ್ಮೆ ಬಿಡಿಸುವುದು. ತೊಗರಿ ಜನವರಿಯಲ್ಲಿ, ಒಣ ಅವರೆ ಫೆಬ್ರವರಿಯಲ್ಲಿ. ರಾಗಿ ಕೊಯ್ಯುವಾಗ ಅವರೆ ಬಳ್ಳಿ ಕತ್ತರಿಸದಂತೆ ಕುಡುಗೋಲನ್ನು ತಮ್ಮ ಕಡೆಗೆ ಎಳೆದು ಕೊಯ್ಯಬೇಕು. ಕೂಲಿಯವರಿಗೆ ಮೊದಲ ಸಾಲಿನಲ್ಲೇ ತೋರಿಸಿ.

ಕೊಯ್ದ ರಾಗಿಯನ್ನು ಹೊಲದಲ್ಲಿ ಒಣಗಿಸಿ ಮೆದೆ ಒಟ್ಟಿ. ಒಕ್ಕಣೆಗೆ ಸಗಣಿ ಸಾರಿಸಿದ ಕಣ, ಇಲ್ಲವಾದರೆ ಟಾರ್ಪಾಲು. ಟಾರು ರಸ್ತೆಯಲ್ಲಿ ಹರಡಿದ ರಾಗಿಗೆ ಸೇರಿದ ಮರಳನ್ನು ಒಂದರಿಯಲ್ಲಿ ತೆಗೆಯಲು ಆಗದು, ಕಾಳು ಮರಳು ಎರಡರದೂ ಗಾತ್ರ ಒಂದೇ. ಪಟ್ಟಣದ ಗಿರಾಕಿ ಎರಡನೇ ಸಲ ಬಾರದಿರಲು ಬೆಲೆಗಿಂತ ದೊಡ್ಡ ಕಾರಣ ಮುದ್ದೆಯಲ್ಲಿ ಸಿಕ್ಕ ಮರಳು.

ಒಣಗಿದ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಸಣ್ಣ, ಗಟ್ಟಿ ಕಾಳನ್ನು ಹುಳು ಕೊರೆಯುವುದು ಕಷ್ಟ. ಹಿಂದೆ ನೆಲದಡಿಯ ಹಗೇವಿನಲ್ಲಿ ಸುತ್ತ ರಾಗಿ ಹುಲ್ಲು ಕೊಟ್ಟು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳು ಉಸಿರಾಡಿ ಆಮ್ಲಜನಕ ಮುಗಿದು, ಇಂಗಾಲದ ಡೈಆಕ್ಸೈಡ್ ತುಂಬಿ ಹುಳು ಸಾಯುತ್ತದೆ. ಮನುಷ್ಯನೂ ಸಾಯುತ್ತಾನೆ. ಹಳೆಯ ಹಗೇವು ತೆರೆಯುವವರು ಬಾಯಿ ತೆಗೆದು ಇಡೀ ದಿನ ಬಿಟ್ಟು, ಉರಿಯುವ ದೀಪವನ್ನು ಹಗ್ಗದಲ್ಲಿ ತಳದವರೆಗೆ ಇಳಿಸಿ ನೋಡಿ. ದೀಪ ಆರಿದರೆ ಇಳಿಯಬೇಡಿ. ಆರದಿದ್ದರೂ ಒಬ್ಬರೇ ಇಳಿಯಬೇಡಿ, ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ಇಬ್ಬರಿರಲಿ. ಹೊಸದಾಗಿ ತೋಡುವ ಅಗತ್ಯವಿಲ್ಲ, ಮುಚ್ಚಳ ಬಿಗಿಯಾದ ಕಬ್ಬಿಣದ ಡ್ರಮ್ ಸಾಕು.

ಕಾಳಿನ ಕಥೆ ಬೇರೆ. ಹುಳುವಿನ ಮೊಟ್ಟೆ ಹೊಲದಲ್ಲೇ ಕಾಯಿಯ ಮೇಲೆ ಕೂತು ಮನೆಗೆ ಬರುತ್ತದೆ. ಮೂರು ದಿನ ಕಡು ಬಿಸಿಲಿಗೆ ಹಾಕಿ, ಕಚ್ಚಿದರೆ ಕಟ್ಟೆಂದು ಒಡೆಯುವಂತಾದ ಮೇಲೆ ತಣಿಸಿ ತುಂಬಿ. ಬಿಸಿ ಕಾಳನ್ನೇ ತುಂಬಿದರೆ ಡ್ರಮ್ಮಿನ ಒಳಗೆ ಬೆವರಿ ಬೂಷ್ಟು ಬರುತ್ತದೆ. ತುಂಬಿದ ಮೇಲೆ ಎರಡು ಬೆರಳು ದಪ್ಪ ಒಣ ಮರಳು ಹರಡಿ, ದುಂಬಿ ಅದನ್ನು ದಾಟಿ ಒಳಗೆ ಮೊಟ್ಟೆ ಇಡಲಾರದು. ಬೇಳೆ ಮಾಡಿಟ್ಟರೆ ಹುಳುವಿನ ಕಾಟ ಇನ್ನೂ ಕಡಿಮೆ: ತೊಗರಿಗೆ ಕೆಮ್ಮಣ್ಣು ಕಲಸಿದ ನೀರು ಹಚ್ಚಿ ರಾತ್ರಿ ಗುಡ್ಡೆ ಹಾಕಿ, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಬೀಸುವ ಕಲ್ಲಿಗೆ ಹಾಕಿದರೆ ಸಿಪ್ಪೆ ಬಿಟ್ಟು ಎರಡಾಗುತ್ತದೆ. ಸರಿಯಾಗಿ ಒಣಗದಿದ್ದರೆ ಬೇಳೆ ನುಚ್ಚಾಗುತ್ತದೆ. ಹೊಟ್ಟು, ನುಚ್ಚು ಹಸುವಿಗೆ.

ಪಟ್ಟಣದ ಮನೆ

ಮಾತುಕತೆ ಬಿತ್ತನೆಗೆ ಮುಂಚೆ ಆಗಬೇಕು, ಸುಗ್ಗಿಯಲ್ಲಲ್ಲ. ದರ ಹೀಗೆ ಕಟ್ಟಿ. ಉದಾಹರಣೆಗೆ 2024–25ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4290 ರೂಪಾಯಿ ಇತ್ತು. ತೂರಿ, ಕೇರಿದ ಮೇಲೆ 100 ಕೆ.ಜಿ. 95 ಆದರೆ ಕೆ.ಜಿ.ಗೆ 45 ರೂಪಾಯಿ ಚಿಲ್ಲರೆ ಬಿತ್ತು. ಹಸನು ಮಾಡಿದ ಕೂಲಿ, ಚೀಲ, ಸಾಗಣೆ ಸೇರಿಸಿದರೆ 50. ಇದಕ್ಕಿಂತ ಕೆಳಗೆ ಕೊಟ್ಟರೆ ಮಂಡಿಗೆ ಹಾಕಿದ್ದೇ ವಾಸಿ. ಎಷ್ಟು ಲಾಭ ಇಟ್ಟುಕೊಳ್ಳಬೇಕು ಎಂಬುದನ್ನು ಈ ತಳದ ಮೇಲೆ ಇಬ್ಬರೂ ಕೂತು ಮಾತಾಡಿ, ಕಾಲು ಭಾಗ ಮುಂಗಡ ಬಿತ್ತನೆಯ ಹೊತ್ತಿಗೆ ಪಡೆಯಿರಿ. ಮಳೆ ಕೈಕೊಟ್ಟರೆ ಮುಂಗಡ ಏನಾಗುತ್ತದೆ ಎಂಬುದನ್ನೂ ಅಂದೇ ಬರೆದಿಡಿ, ಆಮೇಲೆ ಮುಖ ಕೆಡುವುದು ಬೇಡ.

ಕೊಡುವುದು ಕಾಳು, ಹಿಟ್ಟಲ್ಲ. ಹಿಟ್ಟು ಒಂದೆರಡು ತಿಂಗಳಿಗೆ ಮುಗ್ಗಲಾಗುತ್ತದೆ. ಹಿಟ್ಟು ಮಾಡಿ ಚೀಟಿ ಅಂಟಿಸಿ ಮಾರಿದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿಯೂ ಬೇಕು. ತಿಂಗಳಿಗೊಮ್ಮೆ 25 ಕೆ.ಜಿ. ರಾಗಿ, 3 ಕೆ.ಜಿ. ಬೇಳೆ, ಡಿಸೆಂಬರ್–ಜನವರಿಯಲ್ಲಿ ಅವರೆಕಾಯಿ, ಜೊತೆಗೊಂದು ಪೊಟ್ಟಣ ಹುಚ್ಚೆಳ್ಳು. ಅವರೆಬೇಳೆ ಮೇಳಕ್ಕೆ ಬೆಂಗಳೂರಿನವರು ಮುಗಿಬೀಳುವ ದಿನಗಳಲ್ಲಿ ಹಸಿಕಾಯಿಗೆ ದಲ್ಲಾಳಿ ಒಳ್ಳೆ ದರ ಹೇಳಬಹುದು. ಮನೆಗಳಿಗೆ ಒಪ್ಪಿದ್ದನ್ನು ಮೊದಲು ಕೊಟ್ಟು ಮಿಕ್ಕಿದ್ದನ್ನು ಮಾರಿ.

ಮುಂದಿನ ಬಿತ್ತನೆಗೆ

ಬೀಜದ ತೆನೆಯನ್ನು ಕಣದಲ್ಲಿ ಆರಿಸಬೇಡಿ, ನಿಂತ ಪೈರಿನಲ್ಲಿ ಆರಿಸಿ. ಕಣದಲ್ಲಿ ದೊಡ್ಡ ತೆನೆ ಕಾಣುತ್ತದೆ, ಅದು ಮಲಗಿದ ಪೈರಿನದೋ ರೋಗದ್ದೋ ತಿಳಿಯುವುದಿಲ್ಲ. ಅಂಚು ಬಿಟ್ಟು ನಡುಹೊಲದ 50 ಆರೋಗ್ಯವಂತ ರಾಗಿ ಗಿಡಕ್ಕೆ ದಾರ ಕಟ್ಟಿ, ಬೇರೆ ಕೊಯ್ದು, ಕೈಯಲ್ಲೇ ಉಜ್ಜಿ ತೆಗೆಯಿರಿ. ರಾಗಿ ತನಗೆ ತಾನೇ ಕಾಳು ಕಟ್ಟುವ ಬೆಳೆ, ತಳಿ ಬೆರೆಯುವ ಭಯ ಕಡಿಮೆ. ತೊಗರಿಯದು ಹಾಗಲ್ಲ, ಜೇನುಹುಳು ಪಕ್ಕದ ಹೊಲದ ಪರಾಗ ತರುತ್ತದೆ, ಅಂಚಿನ ಸಾಲಿನ ಬೀಜ ಬೇಡವೇ ಬೇಡ. ಅವರೆಯಲ್ಲಿ ಎಲ್ಲಕ್ಕಿಂತ ಮುಂಚೆ ಹೂ ಬಿಟ್ಟ ಬಳ್ಳಿಯ ಕಾಳನ್ನು ಬೀಜಕ್ಕೆ ಇಡಬೇಡಿ. ಆಸೆಗೆ ಬಿದ್ದು ಅದನ್ನೇ ಇಟ್ಟುಕೊಂಡು ಬಂದರೆ ನಾಲ್ಕಾರು ವರ್ಷಕ್ಕೆ ನಿಮ್ಮ ಮಾಗಿ ಅವರೆ ಮಳೆಗಾಲಕ್ಕೇ ಹೂ ಬಿಡತೊಡಗುತ್ತದೆ.

ಎರಡನೇ ವರ್ಷ ಪಟ್ಟಿ ಸರಿಸಿ. ತೊಗರಿ–ಅವರೆ ನಿಂತು ಎಲೆ ಉದುರಿಸಿದ ಜಾಗಕ್ಕೆ ರಾಗಿಯ ನಡುಸಾಲು ಬರಬೇಕು, ಅಂದರೆ ಇಡೀ ವಿನ್ಯಾಸವನ್ನು ಪಟ್ಟಿಯ ಅರ್ಧದಷ್ಟು, ಐದೂವರೆ ಅಡಿ ಪಕ್ಕಕ್ಕೆ ತಳ್ಳಬೇಕು. ಬೇಸಿಗೆಯ ಉಳುಮೆಯಾದ ಮೇಲೆ ಹಳೆಯ ಸಾಲು ಎಲ್ಲಿತ್ತೆಂದು ಯಾರಿಗೂ ನೆನಪಿರುವುದಿಲ್ಲ. ಅದಕ್ಕೇ ಒಣ ಅವರೆ ಕಿತ್ತ ದಿನವೇ, ಪ್ರತಿ ದೋಣಿ ಸಾಲಿನ ಎರಡೂ ತುದಿಗೆ ಬದುವಿನಲ್ಲಿ ಒಂದೊಂದು ಸುಣ್ಣ ಬಳಿದ ಕಲ್ಲು ಹೂತಿಡಿ.